ಗುತ್ತಿಗೆಯೋ, ಸರಕು ಚಾರ್ಟರೋ: ಪೈಲಟ್ ಕೆಲಸ ಆಯುವವರಿಗೆ

ಏಜೆನ್ಸಿಯ ಮೂಲಕ ವಿದೇಶಿ ವಿಮಾನ ಸಂಸ್ಥೆಗೆ ಗುತ್ತಿಗೆಯ ಮೇಲೆ ಸೇರುವ ಪೈಲಟ್‌ಗೆ ಆರಂಭದಲ್ಲೇ ಕೈತುಂಬ ಸಂಬಳ ಸಿಗಬಹುದಾದರೂ, ಸೀನಿಯಾರಿಟಿಯ ರಕ್ಷಣೆ ಇಲ್ಲದಿದ್ದರೆ ಬೇಡಿಕೆ ಕುಸಿದಾಗ ಕೆಲಸ ಉಳಿಯುವ ಭರವಸೆಯಿಲ್ಲ. 2020ರಲ್ಲಿ ಬಹುಪಾಲು ಪ್ರಯಾಣಿಕ ವಿಮಾನಗಳ ಹಾರಾಟ ನಿಂತು, ಅವುಗಳ ಹೊಟ್ಟೆಯಲ್ಲಿ ಸಾಗುತ್ತಿದ್ದ ಸರಕು ಅಮೆರಿಕದ ಅಟ್ಲಾಸ್ ಏರ್‌ನಂತಹ ಸರಕು ಚಾರ್ಟರ್ (ಬಾಡಿಗೆ ಹಾರಾಟದ) ಸಂಸ್ಥೆಗಳ ಬೋಯಿಂಗ್ 747ಗಳತ್ತ ಹರಿಯಿತು. ಹೀಗಾಗಿ ಕಿರಿಯರಿಗೆ ನಾನು ಸರಕಿನ ಕಡೆಯನ್ನೇ ಸೂಚಿಸುವೆ. ಆದರೆ ಅಲ್ಲಿ ರಾತ್ರಿ ಹಾರಾಟ, ಕೊನೆಗಳಿಗೆಯಲ್ಲಿ ಬದಲಾಗುವ ವೇಳಾಪಟ್ಟಿ ಸಾಮಾನ್ಯ. 2014ರಲ್ಲಿ ಜಾರಿಗೆ ಬಂದ ಅಮೆರಿಕದ ವಿಶ್ರಾಂತಿ ನಿಯಮಗಳು ಸರಕು ಹಾರಾಟಕ್ಕೆ ಕಡ್ಡಾಯವಲ್ಲ ಎಂಬುದು ನನಗೆ ಕಳವಳದ ವಿಷಯ. ಎಲ್ಲಿಗೇ ಸೇರುವುದಾದರೂ, ಸತತ ಎಷ್ಟು ದಿನ ಹೊರಗಿರಬೇಕು, ಮನೆಯಿಂದ ಡ್ಯೂಟಿಗೆ ಹೋಗಿಬರುವ ಟಿಕೆಟ್ ಖರ್ಚು ಯಾರದು, ನಡುವೆ ಬಿಟ್ಟರೆ ಟೈಪ್ ರೇಟಿಂಗ್ (ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ತರಬೇತಿಯ ಹಣವನ್ನು ಮರಳಿಸಬೇಕೇ ಎಂಬುದನ್ನು ಸಹಿ ಹಾಕುವ ಮೊದಲೇ ಬರಹದಲ್ಲಿ ಪಡೆಯಿರಿ.