ಎಸ್.ಪಿ. ರೋಡಿನಿಂದ ತಂದ ಡಿಡಿಆರ್5 ರ‍್ಯಾಮ್: ಆರು ತಿಂಗಳ ನಂತರ

ಹಳೇ ಕಂಪ್ಯೂಟರಿನ, ಡಿಡಿಆರ್5ಕ್ಕಿಂತ ಹಿಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್ ಇನ್ನೂ ಗಟ್ಟಿಯಾಗಿತ್ತು. ಅದನ್ನೇ ಹೊಸದಕ್ಕೂ ಹಾಕುವ ಆಸೆ ಇತ್ತು. ಆದರೆ ನನಗೆ ಬೇಕಿದ್ದದ್ದು ಎಎಂಡಿ ಕಂಪನಿಯ ರೈಝೆನ್ 5 7600 ಪ್ರೊಸೆಸರ್. ಅದು ಕೂರುವ ಎಎಂ5 ಮದರ್‌ಬೋರ್ಡಿಗೆ ಡಿಡಿಆರ್5 ಮಾತ್ರ ಆಗುತ್ತದೆ. ಕಚ್ಚಿನ ಜಾಗವೇ ಬೇರೆ, ಹಳೆಯದು ಕೂರುವುದೇ ಇಲ್ಲ. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಪ್ರೊಸೆಸರಿಗಾದರೆ ಎರಡೂ ಬಗೆಯ ಬೋರ್ಡ್ ಸಿಗುತ್ತವೆ. ಹಳೇ ರ‍್ಯಾಮ್ ಉಳಿಸಿಕೊಳ್ಳುವವರಿಗೆ ಅದೇ ಒಳ್ಳೆಯ ದಾರಿ.

16 ಜಿಬಿಯ ಎರಡು ಸ್ಟಿಕ್ ತಂದೆ, 6000 ವೇಗದ್ದು (ಸೆಕೆಂಡಿಗೆ ಅಷ್ಟು ದಶಲಕ್ಷ ಸಲ ಡೇಟಾ ವರ್ಗಾವಣೆ). ಮೊದಲ ಸಲ ಆನ್ ಮಾಡಿದಾಗ ಐದು ನಿಮಿಷ ಪರದೆ ಕಪ್ಪಗೇ ಇತ್ತು. ಎದೆ ಧಸಕ್ ಎಂದಿತು! ಬೋರ್ಡು ರ‍್ಯಾಮಿಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕಂತೆ. ಸುಮ್ನೆ ಕಾಯಿರಿ, ಆಫ್ ಮಾಡಬೇಡಿ. ಆಮೇಲೆ ನೋಡಿದರೆ ಓಡುತ್ತಿದ್ದದ್ದು 4800ರಲ್ಲಿ. ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಪೋ, ಅಂದರೆ ಸ್ಟಿಕ್ಕನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ, ಆನ್ ಮಾಡಬೇಕೆಂದು ಅಂಗಡಿಯವರು ಹೇಳಿಯೇ ಇರಲಿಲ್ಲ. ದುಡ್ಡು ಕೊಟ್ಟ ವೇಗ ಸಿಗಬೇಕು ಅಲ್ವಾ?

ನಾನು ಯಕ್ಷಗಾನದ ವಿಡಿಯೋ ಎಡಿಟ್ ಮಾಡುತ್ತೇನೆ. ನಿಜವಾಗಿ ಜಾಸ್ತಿ ಸುಖ ಕೊಟ್ಟದ್ದು ವೇಗವಲ್ಲ, 16ರಿಂದ 32 ಜಿಬಿಗೆ ಏರಿದ್ದು. ಮುಂದೆ ಇನ್ನೆರಡು ಸೇರಿಸೋಣ ಎಂದು ಮಾತ್ರ ಲೆಕ್ಕ ಹಾಕಬೇಡಿ. ಎಕ್ಸ್‌ಪೋ ಬಿಟ್ಟು ಈ ಪ್ರೊಸೆಸರಿಗೆ ಎಎಂಡಿ ಹೇಳುವ ವೇಗ ಎರಡು ಸ್ಟಿಕ್‌ಗೆ 5200, ನಾಲ್ಕಾದರೆ ಬರೀ 3600.