ಉಪ್ಪಾಗೆ ಹುಳಿಯ ಮೀನು, ಕೆರೆ ಪಕ್ಕದ ತೋಟ: ಲಂಕೆಯ ದಕ್ಷಿಣ ಕರಾವಳಿಯಲ್ಲಿ ಒಂಬತ್ತು ದಿನ

ಶ್ರೀಲಂಕಾ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಪ್ಯಾಕೇಜ್ ಟೂರ್ ಹಿಡಿಯುತ್ತಾರೆ. ಕ್ಯಾಂಡಿ, ನುವರ ಎಲಿಯ, ಸಿಗಿರಿಯ ಅಂತ ಆರು ದಿನ ಬಸ್ಸಿನಲ್ಲೇ ಕೂತು ಇಡೀ ದ್ವೀಪ ಸುತ್ತಿ ಬರುತ್ತಾರೆ. ನಾವು ಮೂವರು ಹೋಗಿದ್ದು. ನಾನು, ನನ್ನ ಹೆಂಡತಿ, ಶಿರಸಿಯಿಂದ ಬಂದಿದ್ದ ನಮ್ಮ ಅತ್ತೆ. ಕೊಲಂಬೊದಲ್ಲಿ ಎರಡು ದಿನ, ಬೆಂಟೋಟ ಮತ್ತು ಗಾಲ್ ನಡುವಿನ ಕರಾವಳಿಯಲ್ಲಿ ಏಳು ದಿನ ಇದ್ದೆವು. ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ, ಅಷ್ಟೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಕಡೆ ಹೋದರೆ ಬೀಚ್ ಪಕ್ಕದ ದೊಡ್ಡ ರೆಸಾರ್ಟ್ ಬೇಡ. ಒಂದೆರಡು ಕಿಲೋಮೀಟರ್ ಒಳಗೆ, ಒಳ್ಳೆಯ ಜಗಲಿ ಇರುವ ಮನೆ ಹುಡುಕಿ, ಆ ಮನೆಯ ಅಡುಗೆಯನ್ನೇ ಊಟ ಮಾಡಿಕೊಂಡು ಇರಿ. ಅಲ್ಲಿನ ಊಟದ ರುಚಿ ಹತ್ತುವುದೇ ಅಂಥ ಜಗಲಿಯಲ್ಲಿ ಕೂತಾಗ.

ಇದು ನಮಗೆ ಗೊತ್ತಾಗಿದ್ದು ಎರಡು ರಾತ್ರಿ ಕಳೆದ ಮೇಲೆ. ಬೆಂಟೋಟ ಕಡೆ ಮೊದಲು ಬುಕ್ ಮಾಡಿದ್ದು ಸಮುದ್ರಕ್ಕೇ ಅಂಟಿಕೊಂಡಿದ್ದ ಒಂದು ದೊಡ್ಡ ಹೋಟೆಲ್. ಹೆಸರು ಬೇಡ. ರೂಮು ವಿಶಾಲವಾಗಿತ್ತು, ಚೊಕ್ಕವಾಗಿಯೂ ಇತ್ತು. ಆದರೆ ಒಂದು ಕಡೆ ಪೂರ್ತಿ ಗಾಜು, ಕಿಟಕಿ ತೆಗೆಯಲು ಬರುವುದಿಲ್ಲ. ಎದುರಿಗೇ ಸಮುದ್ರ ಇದ್ದರೂ ರಾತ್ರಿಯೆಲ್ಲ ಕೇಳಿದ್ದು ಎಸಿ ಸದ್ದು. ಬಫೆಯಲ್ಲಿ ಪಾಸ್ತಾ, ಪಿಜ್ಜಾ ಎಲ್ಲ ಸಾಲಾಗಿ ಇಟ್ಟಿದ್ದರು, ಲಂಕೆಯ ಅಡುಗೆ ಮಾತ್ರ ಮೂಲೆಯಲ್ಲಿ ನಾಲ್ಕು ಪಾತ್ರೆ, ಅದೂ ಖಾರ ಇಳಿಸಿ, ತೆಂಗಿನ ಹಾಲು ತೆಳ್ಳಗೆ ಮಾಡಿ. ಇನ್ನೂ ಬೇಸರದ ವಿಷಯ ಅಂದರೆ, ಸಸ್ಯಾಹಾರ ಅಂತ ಎರಡು ಸಲ ಹೇಳಿದ ಮೇಲೂ ಅತ್ತೆಗೆ ಬಡಿಸಿದ ಬೇಳೆಯಲ್ಲಿ ಮೀನಿನ ಚೂರು. ಕೇಳಿದರೆ, ‘ಅದು ಮೀನಲ್ಲ, ಉಂಬಲಕಡ’ ಅಂದರು. ಅತ್ತೆ ಆ ರಾತ್ರಿ ಬರೀ ಬಾಳೆಹಣ್ಣು ತಿಂದು ಮಲಗಿದರು.

ಸಸ್ಯಾಹಾರಿಗಳು ಇದನ್ನು ಸರಿಯಾಗಿ ತಿಳಿದುಕೊಂಡೇ ಹೋಗಬೇಕು. ಉಂಬಲಕಡ ಅಂದರೆ ಟ್ಯೂನಾ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ್ದು. ಅದನ್ನು ಕುಟ್ಟಿ ಪುಡಿ ಮಾಡಿ ಚಟ್ನಿಯಂಥ ಕಾಯಿ ಸಂಬೋಲ, ಸೊಪ್ಪು, ಎಷ್ಟೋ ಸಲ ಬೇಳೆಗೂ ಹಾಕುತ್ತಾರೆ. ಅವರಿಗೆ ಅದು ನಮ್ಮ ಇಂಗು ಇದ್ದ ಹಾಗೆ, ಬೇರೆಯಾಗಿ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ‘ವೆಜ್’ ಅಂದರೆ ಸಾಲದು. ‘ಉಂಬಲಕಡ ಎಪಾ’ ಅನ್ನಿ. ಎಪಾ ಅಂದರೆ ಬೇಡ. ಈ ಎರಡು ಪದ ಉಳಿದ ದಿನಗಳಲ್ಲಿ ನಮ್ಮ ಕೈ ಬಿಡಲಿಲ್ಲ. ಕೊಲಂಬೊದಲ್ಲಿ ಇದ್ದಾಗ ಈ ಚಿಂತೆಯೇ ಇಲ್ಲ, ವೆಲ್ಲವತ್ತೆ ಕಡೆ ತಮಿಳರ ಸೈವ, ಅಂದರೆ ಸಸ್ಯಾಹಾರಿ ಹೋಟೆಲ್‌ಗಳಲ್ಲಿ ನಿಶ್ಚಿಂತೆಯಿಂದ ಊಟ ಮಾಡಬಹುದು.

ಮೂರನೇ ದಿನ ದೆದ್ದುವ ಕೆರೆ ಕಡೆ ಒಂದು ಮನೆಗೆ ಹೋದೆವು. ನಾಲ್ಕೇ ರೂಮು. ಹೆಂಚಿನ ಮಾಡು, ಪಾಲಿಶ್ ಹೊಡೆದ ಸಿಮೆಂಟ್ ನೆಲ, ಮೂರು ಕಡೆ ತೆರೆದ ಜಗಲಿ. ಅಡುಗೆ ಮಾಡುವವರನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ, ಅಮ್ಮ ಅಂದರೆ ಅಮ್ಮನೇ. ಅತ್ತೆಗೆ ಅದೊಂದು ಕೇಳಿಯೇ ಅರ್ಧ ಸಮಾಧಾನ ಆಯಿತು. ಬೆಳಿಗ್ಗೆ ಅಡುಗೆಮನೆಗೆ ಹೋಗಿ ನಿಂತವರು ಅಲ್ಲಿಂದ ನನ್ನನ್ನು ಕರೆದರು.

‘ಇಲ್ಲಿ ಬನ್ನಿ, ನೋಡಿ. ಹೆರೆಮಣೆ!’

ನಿಜ. ಸಣ್ಣ ಮಣೆ, ತುದಿಯಲ್ಲಿ ಹಲ್ಲಿರುವ ಕಬ್ಬಿಣ. ಅವರು ಅದಕ್ಕೆ ಹಿರಮಣಯ ಅನ್ನುತ್ತಾರೆ. ಅಕ್ಕ ಅದರ ಮೇಲೆ ಕೂತು ಕಾಯಿ ಹೆರೆದು ಕಾಯಿ ಸಂಬೋಲ ಮಾಡಿ ತೋರಿಸಿದರು. ಚಪ್ಪಟೆ ಕಲ್ಲಿನ ಮೇಲೆ ಮೊದಲು ಒಣಮೆಣಸು, ಉಪ್ಪು, ಸಣ್ಣ ಈರುಳ್ಳಿ ಅರೆಯುತ್ತಾರೆ. ಆಮೇಲೆ ಕಾಯಿತುರಿ. ಆದರೆ ಕಾಯಿಯನ್ನು ಅರೆಯುವುದಿಲ್ಲ, ಗುಂಡಿನಿಂದ ಒತ್ತಿ ಒತ್ತಿ, ಎಳೆ ಎಳೆಗೂ ಕೆಂಪು ಹಿಡಿಯುವ ಹಾಗೆ ಮಾಡುತ್ತಾರೆ. ಕೊನೆಗೆ ನಿಂಬೆರಸ. ನಮ್ಮ ಕಾಯಿ ಚಟ್ನಿಯ ಸಾಮಾನೇ ಹೆಚ್ಚುಕಡಿಮೆ, ಆದರೆ ಬಾಯಿಗಿಟ್ಟರೆ ಬೇರೆಯೇ ವಸ್ತು. ಕಾಯಿಯ ಸಿಹಿ ಹಾಗೇ ಉಳಿದಿರುತ್ತದೆ. ಉಂಬಲಕಡ ಹಾಕದೆ ಮಾಡಿದ್ದನ್ನು ಅತ್ತೆ ಆಪ್ಪದ ಜೊತೆ ನಾಲ್ಕು ಸಲ ಹಾಕಿಸಿಕೊಂಡರು. ಅಂದ ಹಾಗೆ ಆಪ್ಪ ಅಂದರೆ ನಮ್ಮ ಹಬ್ಬದ ಸಿಹಿ ಅಪ್ಪ ಅಲ್ಲ. ಹುದುಗಿದ ಅಕ್ಕಿಹಿಟ್ಟಿಗೆ ತೆಂಗಿನ ಹಾಲು ಬೆರೆಸಿ, ಪುಟ್ಟ ಬಾಣಲೆಯಲ್ಲಿ ತಿರುಗಿಸಿ ಬೇಯಿಸಿದ್ದು, ಅಂಚು ಗರಿಗರಿ, ನಡುವೆ ಮೆತ್ತಗೆ. ಇಂದಿ ಆಪ್ಪ ಅಂದರೆ ಒತ್ತು ಶ್ಯಾವಿಗೆ.

ಮಧ್ಯಾಹ್ನದ ಊಟದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಅನ್ನ, ಅದರ ಸುತ್ತ ಐದಾರು ಮಣ್ಣಿನ ಕುಡಿಕೆ. ಎಳೆ ಹಲಸಿನಕಾಯಿಯ ಪೊಲೋಸ್, ಹುರಿದ ಮಸಾಲೆಯಲ್ಲಿ ಗಂಟೆಗಟ್ಟಲೆ ಬೆಂದು ಕಪ್ಪಾಗಿತ್ತು. ತೆಂಗಿನ ಹಾಲಿನ ಬೇಳೆ. ಗೊಟುಕೊಲ ಅಂತ ಒಂದು ಹಸಿ ಸೊಪ್ಪಿನ ಪಲ್ಯ. ಎಲೆ ನೋಡಿದ ಕೂಡಲೇ ಗೊತ್ತಾಯಿತು, ನಮ್ಮ ಒಂದೆಲಗ. ನಾವು ತಂಬುಳಿ ಮಾಡುತ್ತೇವೆ, ಅವರು ಸಣ್ಣಗೆ ಹೆಚ್ಚಿ ಕಾಯಿತುರಿ, ನಿಂಬೆರಸ ಹಾಕಿ ಹಸಿಯಾಗಿಯೇ ಕಲಸುತ್ತಾರೆ. ನನಗೆ ಮಾತ್ರ ಅಂಬುಲ್ ತಿಯಲ್, ಅಂದರೆ ಹುಳಿ ಮೀನು. ದಕ್ಷಿಣ ಕರಾವಳಿಯವರ ಹೆಮ್ಮೆಯ ಅಡುಗೆ ಇದು. ಟ್ಯೂನಾ ಮೀನಿನ ಚೌಕ ತುಂಡು, ಮೇಲೆ ಕರಿಮೆಣಸು ಮತ್ತು ಗೊರಕ ಅರೆದ ಕಪ್ಪು ಲೇಪ. ರಸ ಪೂರ್ತಿ ಇಂಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಫ್ರಿಜ್ ಇಲ್ಲದೆಯೂ ಕೆಲವು ದಿನ ಕೆಡುವುದಿಲ್ಲ. ಮುರಿದರೆ ಒಳಗೆ ಬೆಳ್ಳಗೆ, ಹೊರಗೆ ಇದ್ದಿಲಿನಂತೆ ಕಪ್ಪು.

ಈ ಗೊರಕ ಏನು ಅಂತ ಕೇಳಿದ್ದಕ್ಕೆ ಅಕ್ಕ ಡಬ್ಬಿ ತಂದು ಅತ್ತೆಯ ಕೈಗೆ ಕೊಟ್ಟರು. ಒಣಗಿ ಸುರುಟಿದ ಕಪ್ಪು ಸಿಪ್ಪೆ. ಅತ್ತೆ ಮೂಸಿ ನೋಡಿದರು, ಒಂದು ಚೂರು ನಾಲಿಗೆಗೆ ತಾಗಿಸಿದರು. ‘ಇದು ಉಪ್ಪಾಗೆ ಅಲ್ವಾ! ನಮ್ಮ ಬೆಟ್ಟದಲ್ಲಿ ಬಿದ್ದಿರುತ್ತದಲ್ಲ, ಅದೇ!’ ಅದೇ ಹೌದು. ಶಿರಸಿ ಕಡೆ ಬೀಜದಿಂದ ತುಪ್ಪ ತೆಗೆಯುತ್ತಾರಲ್ಲ, ಆ ಉಪ್ಪಾಗೆ. ಕೊಡಗಿನವರ ಕಾಚಂಪುಳಿ ಆಗುವುದೂ ಇದೇ ಹಣ್ಣಿನಿಂದ. ಒಂದೇ ಹಣ್ಣು ಕೊಡಗಿನಲ್ಲಿ ಹಂದಿ ಮಾಂಸಕ್ಕೆ, ಲಂಕೆಯಲ್ಲಿ ಮೀನಿಗೆ. ಅತ್ತೆ ಮತ್ತು ಅಕ್ಕ, ಒಬ್ಬರ ಭಾಷೆ ಒಬ್ಬರಿಗೆ ಬಾರದೆ, ಆ ಡಬ್ಬಿ ಹಿಡಿದುಕೊಂಡು ಅರ್ಧ ಗಂಟೆ ಮಾತಾಡಿದ್ದು ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ಖುಷಿ ಕೊಟ್ಟಿತು.

ಊಟದ ಕೊನೆಗೆ ಮಡಕೆಯಲ್ಲಿ ಹೆಪ್ಪು ಹಾಕಿದ ಎಮ್ಮೆ ಮೊಸರು, ಮೇಲೆ ಕಿತುಲ್ ಪಾಕ. ಕಿತುಲ್ ಅಂದರೆ ನಮ್ಮ ಬೈನೆ ಮರ. ಅದರ ಹೂಗೊನೆ ಕೊಯ್ದು ಇಳಿಸಿದ ರಸವನ್ನು ಕಾಯಿಸಿದ ಪಾಕ. ಜೋನಿಬೆಲ್ಲಕ್ಕಿಂತ ತೆಳು, ಸ್ವಲ್ಪ ಹೊಗೆ ವಾಸನೆ. ದಯವಿಟ್ಟು ಇದನ್ನು ಬಿಡಬೇಡಿ.

ಇನ್ನು ಲುನುಗಂಗ. ಹೆಸರಿನ ಅರ್ಥ ಉಪ್ಪು ನದಿ. ಲಂಕೆಯ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರ ತೋಟ. 1919ರಲ್ಲಿ ಹುಟ್ಟಿದ ಬಾವಾ ಮೊದಲು ವಕೀಲರು. ಅದು ಹಿಡಿಸದೆ 1948ರಲ್ಲಿ ಈ ಕೆರೆ ಪಕ್ಕದ ಹಳೆಯ ರಬ್ಬರ್ ತೋಟ ಕೊಂಡರು. ತೋಟ, ಮನೆ ತಿದ್ದಲು ಹೊರಟಾಗ ತಮಗೆ ವಿದ್ಯೆ ಸಾಲದು ಅನ್ನಿಸಿ ಲಂಡನ್ನಿಗೆ ಹೋಗಿ ಓದಿದರು. ವಾಸ್ತುಶಿಲ್ಪಿ ಆಗಿದ್ದು 1957ರಲ್ಲಿ, 38ನೇ ವಯಸ್ಸಿಗೆ. ಆಮೇಲೆ ಲಂಕೆಯ ಸಂಸತ್ ಭವನವನ್ನೇ ಕಟ್ಟಿದರು, ಅದು 1982ರಲ್ಲಿ ಮುಗಿಯಿತು. ಆದರೂ ಈ ತೋಟ ತಿದ್ದುವುದನ್ನು ಬಿಡಲಿಲ್ಲ. 2003ರಲ್ಲಿ ತೀರಿಕೊಂಡರು. ಈಗ ಮೊದಲೇ ಬುಕ್ ಮಾಡಿದರೆ ತೋಟ ಸುತ್ತಿ ತೋರಿಸುತ್ತಾರೆ, ರೂಮುಗಳೂ ಇವೆ. ಬಾಡಿಗೆ ಜಾಸ್ತಿ, ನಾವು ಒಂದೇ ರಾತ್ರಿ ಉಳಿದೆವು. ಕೊಟ್ಟ ಹಣ ಒಂದಿಷ್ಟೂ ದಂಡ ಅನ್ನಿಸಲಿಲ್ಲ.

ತೋಟ ಅಂದರೆ ಹೂವಿನ ಪಾತಿ ಅಂದುಕೊಳ್ಳಬೇಡಿ. ಹೂವು ಕಡಿಮೆ. ಹಸಿರು, ನೆರಳು, ನೀರು, ಹಳೆಯ ಕಲ್ಲು, ಜಾಡಿ. ಮನೆಯ ಒಂದು ಕಡೆಯ ಜಗಲಿಯಲ್ಲಿ ಕೂತರೆ ಎದುರಿಗೆ ಹುಲ್ಲಿನ ದಿಬ್ಬ, ಅದಕ್ಕೆ ದಾಲ್ಚಿನ್ನಿ ಗುಡ್ಡ ಅಂತ ಹೆಸರು. ದಿಬ್ಬದ ಮೇಲೆ ಮರದ ಕೆಳಗೆ ಒಂದು ದೊಡ್ಡ ಜಾಡಿ. ಅದೇ ನೇರಕ್ಕೆ, ಬಹಳ ದೂರದಲ್ಲಿ, ಒಂದು ಬಿಳಿ ಸ್ತೂಪ. ಬಾವಾ ದಿಬ್ಬದ ನೆತ್ತಿ ತಗ್ಗಿಸಿ ಆ ನೋಟ ತೆರೆದರಂತೆ. ಮನೆಗೂ ದಿಬ್ಬಕ್ಕೂ ನಡುವೆ ಊರಿನ ರಸ್ತೆಯೇ ಇದೆ. ಆದರೆ ರಸ್ತೆ ಹಳ್ಳದಲ್ಲಿ ಹೋಗುವುದರಿಂದ ಕಾಣುವುದಿಲ್ಲ. ಬೈಕಿನ ಸದ್ದು ಮಾತ್ರ ಹುಲ್ಲಿನ ಒಳಗಿಂದ ಬಂದು ಹೋಗುತ್ತದೆ. ಕೆರೆ ಕಡೆ ಒಂದು ಹಳೆಯ ದೇವಗಣಗಿಲೆ ಮರ ಇದೆ. ಅದರ ಕೊಂಬೆಗಳಿಗೆ ಭಾರ ತೂಗುಹಾಕಿ, ವರ್ಷಗಟ್ಟಲೆ ಬಗ್ಗಿಸಿ ಬೆಳೆಸಿದ್ದಾರೆ. ತೋಟದ ಬೇರೆ ಬೇರೆ ಕಡೆ ಗಂಟೆಗಳಿವೆ, ಒಂದೊಂದರ ನಾದ ಒಂದೊಂದು ಥರ. ಬಾವಾ ಎಲ್ಲಿ ಕೂತಿದ್ದಾರೆ ಅಂತ ಕೆಲಸದವರಿಗೆ ಗಂಟೆಯ ಸದ್ದಿನಲ್ಲೇ ಗೊತ್ತಾಗುತ್ತಿತ್ತಂತೆ. ಮೆಟ್ಟಿಲು ಬಹಳ ಇವೆ, ಮಂಡಿನೋವು ಇರುವವರು ನಿಧಾನಕ್ಕೆ ನಡೆಯಿರಿ. ಸಂಜೆ ಕೆರೆ ಪಕ್ಕ ಕೂರುವ ಮೊದಲು ಸೊಳ್ಳೆ ಔಷಧಿ ಹಚ್ಚಿಕೊಳ್ಳಿ.

ಅದೇ ಆವರಣಕ್ಕೆ ಇನ್ನೊಂದು ಮನೆ ಬಂದು ಸೇರಿದೆ. ಬಟಿಕ್ ಕಲಾವಿದೆ ಇನಾ ಡಿ ಸಿಲ್ವಾ ಅವರಿಗಾಗಿ ಬಾವಾ ಕೊಲಂಬೊದಲ್ಲಿ 1960ರ ದಶಕದ ಶುರುವಿನಲ್ಲಿ ಕಟ್ಟಿದ ಮನೆ ಅದು. ಆ ಜಾಗ ಕೈಬಿಟ್ಟಾಗ ಮನೆಯನ್ನು ಬಿಚ್ಚಿ, ಭಾಗಗಳಿಗೆ ನಂಬರ್ ಹಾಕಿ, ಇಲ್ಲಿಗೆ ತಂದು ಮತ್ತೆ ಕಟ್ಟಿದ್ದಾರೆ. ನಡುವೆ ತೆರೆದ ಅಂಗಳ, ಸುತ್ತ ಜಗಲಿ. ಸಿಂಹಳದಲ್ಲಿ ಮೆದ ಮಿದುಲ ಅನ್ನುತ್ತಾರೆ, ನಮ್ಮ ತೊಟ್ಟಿ ಮನೆಯ ತೊಟ್ಟಿ. ಮಳೆ ಬಂದರೆ ಮನೆಯ ನಡುವೆಯೇ ಬೀಳುತ್ತದೆ. ಅವತ್ತು ಮಧ್ಯಾಹ್ನ ಹಾಗೇ ಬಂತು. ನನ್ನ ಹೆಂಡತಿ ಅಂಗಳದ ಅಂಚಲ್ಲಿ ಸುಮ್ನೆ ಕೂತುಬಿಟ್ಟಳು, ಮುಕ್ಕಾಲು ಗಂಟೆ ಏಳಲಿಲ್ಲ.

ಬಾವಾ ರುಚಿ ಹತ್ತಿದರೆ ಕೊಲಂಬೊದಲ್ಲಿ ಅವರ ಸ್ವಂತ ಮನೆ ನಂಬರ್ 11 ನೋಡಿ. ನಾಲ್ಕು ಸಣ್ಣ ಮನೆಗಳನ್ನು ಸೇರಿಸಿ ಒಂದು ಮಾಡಿದ್ದು. ಹಾಗೇ ಬಾರ್ಬರಾ ಸನ್ಸೋನಿ ಶುರು ಮಾಡಿದ ಬೇರ್‌ಫುಟ್ ಅಂಗಡಿಗೂ ಹೋಗಿ. ಕೈಮಗ್ಗದ ಬಟ್ಟೆ, ಕಣ್ಣು ತುಂಬುವ ಬಣ್ಣ. ಬೆಲೆ ಸ್ವಲ್ಪ ಮೇಲೆಯೇ, ಆದರೆ ನಾವು ತಂದ ಮೇಜಿನ ಬಟ್ಟೆ ಎಷ್ಟು ಒಗೆದರೂ ಮಾಸಿಲ್ಲ.

ಕುಡಿಯುವುದರಲ್ಲಿ ಮೊದಲ ಸ್ಥಾನ ತೆಂಬಿಲಿಗೆ, ಅಂದರೆ ಕೇಸರಿ ಬಣ್ಣದ ಎಳನೀರು. ಎರಡನೆಯದು ಬೇಲದ ಹಣ್ಣಿನ ಪಾನಕ, ಅಲ್ಲಿ ಅದರ ಹೆಸರು ದಿವುಲ್. ರಾಮನವಮಿಗೆ ಬೇಲದ ಪಾನಕ ಕುಡಿದು ಬೆಳೆದವರು ಅಲ್ಲಿ ದಿನಾ ಕುಡಿಯಬಹುದು. ಅರಾಕ್ ಬಗ್ಗೆ ಒಂದು ಮಾತು. ನಮ್ಮಲ್ಲಿ 2007ರಲ್ಲಿ ನಿಷೇಧವಾದ ಪ್ಯಾಕೆಟ್ ಸಾರಾಯಿ ನೆನಪಿಗೆ ಬಂದು ಬೇಡ ಅನ್ನಬೇಡಿ. ಇದು ತೆಂಗಿನ ಹೊಂಬಾಳೆಯಿಂದ ಇಳಿಸಿದ ಶೇಂದಿಯನ್ನು ಭಟ್ಟಿ ಇಳಿಸಿ, ಹಲ್ಮಿಲ್ಲ ಮರದ ಪೀಪಾಯಿಯಲ್ಲಿ ಇಟ್ಟು ಮಾಗಿಸಿದ್ದು. ಕಳುತರ ಕಡೆ ತೆಂಗಿನ ತೋಟಗಳಲ್ಲಿ ಮರದಿಂದ ಮರಕ್ಕೆ ನಾರಿನ ಹಗ್ಗ ಕಟ್ಟಿರುವುದು ಕಾಣುತ್ತದೆ. ಶೇಂದಿ ಇಳಿಸುವವರು ಕೆಳಗಿಳಿಯದೆ ಹಗ್ಗದ ಮೇಲೇ ನಡೆದು ಮುಂದಿನ ಮರಕ್ಕೆ ಹೋಗುತ್ತಾರೆ. ಅಷ್ಟು ಎತ್ತರದ ಕೆಲಸ ನೋಡಿದ ಮೇಲೆ ಆ ಲೋಟವನ್ನು ಗೌರವದಿಂದಲೇ ಹಿಡಿದೆ. ಶುಂಠಿ ಬಿಯರ್ ಜೊತೆ ಚೆನ್ನಾಗಿರುತ್ತದೆ.

ಗಾಲ್ ಕೋಟೆ ಚಂದ ಇದೆ, ಡಚ್ಚರ ಕಾಲದ ಬೀದಿಗಳು, ಸಂಜೆ ಕೋಟೆ ಗೋಡೆ ಮೇಲೆ ನಡೆಯಲು ಹಿತ. ಆದರೆ ಒಳಗಿನ ಕೆಫೆಗಳಲ್ಲಿ ಎಲ್ಲ ದುಬಾರಿ, ಒಂದು ದಿನ ಸಾಕು. ಅದರ ಬದಲು ಬಲಪಿಟಿಯದ ಹತ್ತಿರ ಮಾದು ಗಂಗಾದಲ್ಲಿ ದೋಣಿ ಹತ್ತಿ. ದಾಲ್ಚಿನ್ನಿ ಸುಲಿಯುವುದನ್ನು ತೋರಿಸುತ್ತಾರೆ. ಹೊರ ಸಿಪ್ಪೆ ಕೆರೆದು, ಹಿತ್ತಾಳೆ ಸಲಾಕೆಯಿಂದ ಉಜ್ಜಿ, ಒಳ ತೊಗಟೆಯನ್ನು ಕಾಗದದಂತೆ ಬಿಡಿಸುತ್ತಾರೆ. ನಮ್ಮ ಅಂಗಡಿಗಳಲ್ಲಿ ಚಕ್ಕೆ ಅಂತ ಸಿಗುವ ದಪ್ಪ ತೊಗಟೆ ಹೆಚ್ಚಾಗಿ ಬೇರೆ ಜಾತಿಯದು. ಇದನ್ನು ಬೆರಳಲ್ಲೇ ಪುಡಿ ಮಾಡಬಹುದು.

ಹೋಗುವುದಾದರೆ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ, ಮೇ ನಂತರ ಈ ಕಡೆ ಸಮುದ್ರ ಒರಟು. ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ರೈಲು ಹಿಡಿದು ಬಲಗಡೆ ಕಿಟಕಿ ಪಕ್ಕ ಕೂರಿ, ಹಳಿ ಅಲೆಗಳ ಪಕ್ಕದಲ್ಲೇ ಹೋಗುತ್ತದೆ. ಬೆಂಟೋಟಕ್ಕೆ ಅಳುತ್ಗಮದಲ್ಲಿ ಇಳಿಯಿರಿ. ಮನೆ ಬುಕ್ ಮಾಡುವಾಗ ಒಂದೇ ಪ್ರಶ್ನೆ ಕೇಳಿ: ಅಡುಗೆ ಯಾರು ಮಾಡುತ್ತಾರೆ, ಅಲ್ಲೇ ಮಾಡುತ್ತಾರಾ? ಬರುವಾಗ ಗೊರಕ, ಚಕ್ಕೆ, ಕಿತುಲ್ ಪಾಕ ತನ್ನಿ. ಪಾಕದ ಬಾಟಲಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲೇ ಇಡಿ. ಕೈಚೀಲದಲ್ಲಿ ಉಳಿದಿದ್ದ ನಮ್ಮ ಒಂದು ಬಾಟಲಿಯನ್ನು ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟರು, ಅತ್ತೆ ಇವತ್ತಿಗೂ ಅದನ್ನು ನೆನೆಸಿಕೊಳ್ಳುತ್ತಾರೆ.