ವಿಮಾನ ಬಂತು, ನಿಲ್ಲಲಿಲ್ಲ: ‘ದಿ ವೈಲ್ಡ್ ಗೀಸ್’ (1978)

ಬೆಳಗಾವಿಯವರಿಗೆ ಯುದ್ಧದ ಸಿನಿಮಾ ತೋರಿಸಿ ಭೇಷ್ ಅನ್ನಿಸಿಕೊಳ್ಳುವುದು ಸುಲಭವಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವ ಊರಿದು. ಓಣಿಗೊಬ್ಬರಾದರೂ ನಿವೃತ್ತ ಸುಬೇದಾರರು ಸಿಗುತ್ತಾರೆ, ಪರದೆಯ ಮೇಲೆ ರೈಫಲ್ ಹಿಡಿದ ರೀತಿ ನೋಡಿಯೇ ನಕ್ಕುಬಿಡುತ್ತಾರೆ. ಅಂಥವರ ಪಕ್ಕ ಕೂತು ನೋಡಲು ಈ 134 ನಿಮಿಷದ ಚಿತ್ರ ಅಡ್ಡಿಯಿಲ್ಲ. ಗೊಣಗಾಟ ಬರುತ್ತದೆ, ಆದರೆ ಎದ್ದು ಹೋಗುವುದಿಲ್ಲ.

ಆಫ್ರಿಕಾದ ಪದಚ್ಯುತ ನಾಯಕ ಲಿಂಬಾನಿಯನ್ನು ಸೆರೆಯಿಂದ ಬಿಡಿಸಿ ತರಲು ಲಂಡನ್ನಿನ ಬ್ಯಾಂಕರ್ ಮ್ಯಾಥರ್ಸನ್ 50 ಮಂದಿ ಬಾಡಿಗೆ ಸಿಪಾಯಿಗಳನ್ನು ಗೊತ್ತುಮಾಡುತ್ತಾನೆ. ರಿಚರ್ಡ್ ಬರ್ಟನ್ ಕರ್ನಲ್. ರೋಜರ್ ಮೂರ್, ರಿಚರ್ಡ್ ಹ್ಯಾರಿಸ್ ಜೊತೆಗಾರರು. ಬಿಡಿಸಿದ್ದಾಯಿತು, ವಿಮಾನ ಇಳಿಯುವ ಪಟ್ಟಿಗೆ ಬಂದು ಕಾದದ್ದೂ ಆಯಿತು. ಅಷ್ಟರಲ್ಲಿ ಲಂಡನ್ನಿನಲ್ಲಿ ತಾಮ್ರದ ಗಣಿಯ ವ್ಯವಹಾರ ಕುದುರುತ್ತದೆ. ವಿಮಾನ ಕೆಳಗೆ ಬರುತ್ತದೆ, ರೇಡಿಯೊದಲ್ಲಿ ಹೊಸ ಹುಕುಂ ಸಿಗುತ್ತದೆ, ನಿಲ್ಲದೆ ಮತ್ತೆ ಮೇಲೇರುತ್ತದೆ. ನಡುನೀರಿನಲ್ಲಿ ಕೈಬಿಡುವುದು ಅಂದರೆ ಇದೇ.

ಸುಬೇದಾರರ ಮೊದಲ ಆಕ್ಷೇಪ ಇಲ್ಲೇ. ಒಳಗೆ ಹೋಗುವ ಯೋಜನೆ ಗಡಿಯಾರದಷ್ಟು ಚೊಕ್ಕ: ರಾತ್ರಿ ಪ್ಯಾರಾಶೂಟ್, ಕಾವಲಿನವರಿಗೆ ಸೈನೈಡ್ ಸವರಿದ ಬಾಣ. ಹೊರಬರಲು ಮಾತ್ರ ಒಂದೇ ವಿಮಾನ, ಅದೂ ಹಣ ಕೊಡುವವನ ಕೈಯಲ್ಲಿ! ಎರಡನೆಯ ಆರ್‌ವಿ, ಅಂದರೆ ಮತ್ತೆ ಸೇರುವ ಜಾಗ, ಗೊತ್ತುಮಾಡದೆ ಯಾವ ಗಸ್ತು ಹೊರಡುತ್ತದೆ? ಕಥೆ ನಡೆಯಬೇಕಾದರೆ ಕರ್ನಲ್ ಅಷ್ಟು ದಡ್ಡನಾಗಲೇಬೇಕಿತ್ತು.

ಎರಡನೆಯದು ಮದ್ದುಗುಂಡು. ಇವರ ಕೈಯಲ್ಲಿ ಊಝಿ ಸಬ್‌ಮಷಿನ್ ಗನ್ನೂ ಇದೆ, ಎಫ್‌ಎನ್ ರೈಫಲೂ ಇದೆ. ಊಝಿಗೆ 9 ಮಿಮೀ ಗುಂಡು, ಎಫ್‌ಎನ್‌ಗೆ 7.62. ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ. ಊಝಿ ನಿಮಿಷಕ್ಕೆ ಸುಮಾರು 600 ಗುಂಡು ಹಾರಿಸುತ್ತದೆ; ಕುದುರೆ ಒತ್ತಿ ಹಿಡಿದರೆ 32ರ ಮ್ಯಾಗಝೀನ್ ಮೂರು ಸೆಕೆಂಡಿಗೆ ಖಾಲಿ. 200 ಮೀಟರ್ ಆಚೆಗೆ ಅದರಿಂದ ಹೆಚ್ಚು ಪ್ರಯೋಜನವೂ ಇಲ್ಲ. ಹಿಂದಿನಿಂದ ಸರಬರಾಜು ಇಲ್ಲದೆ ಬಯಲಲ್ಲಿ ಸಿಕ್ಕಿಬಿದ್ದವರಿಗೆ ಇದು ಜೀವನ್ಮರಣದ ಲೆಕ್ಕ. ಅಂದಹಾಗೆ, ಎಫ್‌ಎನ್ ನಮ್ಮವರಿಗೆ ಹೊಸದಲ್ಲ. ಇಶಾಪುರದಲ್ಲಿ ತಯಾರಾಗುತ್ತಿದ್ದ ಎಸ್‌ಎಲ್‌ಆರ್ ರೈಫಲ್ ಅದರದೇ ತಳಿ; ಇನ್ಸಾಸ್ ರೈಫಲ್ ಬರುವವರೆಗೆ ಹೆಗಲು ನೋಯಿಸಿದ್ದು ಅದೇ.

ಚಿತ್ರಕ್ಕೆ ಸಲಹೆಗಾರನಾಗಿದ್ದವನು ಮೈಕ್ ಹೋರ್. ಕಲ್ಕತ್ತಾದಲ್ಲಿ ಹುಟ್ಟಿ, 1960ರ ದಶಕದಲ್ಲಿ ಕಾಂಗೋದಲ್ಲಿ ಬಾಡಿಗೆ ದಳ ನಡೆಸಿದ ಆಸಾಮಿ. 1981ರಲ್ಲಿ ಬಿಯರ್ ಕುಡುಕರ ಸಂಘದ ವೇಷದಲ್ಲಿ ಸೆಶೆಲ್ಸ್‌ಗೆ ದಂಗೆಗೆ ಹೋದ. ಒಬ್ಬನ ಚೀಲದಲ್ಲಿ ಬಂದೂಕು ಸಿಕ್ಕಿ ನಿಲ್ದಾಣದಲ್ಲೇ ಬಣ್ಣ ಬಯಲಾಯಿತು. ಕೊನೆಗೆ ಏರ್ ಇಂಡಿಯಾ ವಿಮಾನವನ್ನೇ ಅಪಹರಿಸಿ ಡರ್ಬನ್‌ಗೆ ಓಡಿದರು. ಹೊರಬರುವ ದಾರಿ ಅಲ್ಲಿಯೂ ನೆಟ್ಟಗಿರಲಿಲ್ಲ ನೋಡ್ರಿ.

ರಾಜಕೀಯ ಜಾಳು. ದಳದ ಬಿಳಿಯ ಸಿಪಾಯಿ ಕೂಟ್ಸಿಯಾ ಕಾಯಿಲೆಯ ಲಿಂಬಾನಿಯನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತ ವಾದಿಸುವ ಮಾತುಗಳು ಒಳ್ಳೆಯ ಮನಸ್ಸಿನವೇ, ಆದರೆ ಪಾಠ ಒಪ್ಪಿಸಿದಂತಿವೆ. ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಲ್ಲೇ ಚಿತ್ರೀಕರಿಸಿದ್ದು ಬೇರೆ.

ಚಿತ್ರದ ಜೀವ ಇರುವುದು ಉಳಿದವರು ಪಾರಾಗಲು ಕೊನೆಗೆ ಹತ್ತುವ ಡಕೋಟಾ ವಿಮಾನ ಹೊರಡುವ ದೃಶ್ಯದಲ್ಲಿ. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದು ಇದೇ ಜಾತಿಯ ವಿಮಾನ. ಪಟ್ಟಿಯ ಮೇಲೆ ಉರುಳುತ್ತಿರುವ ಡಕೋಟಾದ ಬಾಗಿಲಲ್ಲಿ ಬರ್ಟನ್, ಹಿಂದೆ ಕಾಲಿಗೆ ಗುಂಡು ಬಿದ್ದ ಹ್ಯಾರಿಸ್. ಕೈ ಚಾಚಿದರೂ ಎಟುಕುವುದಿಲ್ಲ. ಬೆನ್ನಟ್ಟಿ ಬರುವವರ ಕೈಗೆ ಸಿಕ್ಕರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ನನ್ನನ್ನು ಹೊಡೆ ಎಂದು ಹ್ಯಾರಿಸ್ ಕೂಗುತ್ತಾನೆ. ಬರ್ಟನ್ ಹಿಂಜರಿಯುತ್ತಾನೆ, ಆಮೇಲೆ ಹೊಡೆಯುತ್ತಾನೆ. ಬ್ಯಾಂಕರಿನ ಉಪ್ಪಿಗೆ ಇವರು ಋಣಿಗಳಲ್ಲ, ಒಬ್ಬರಿಗೊಬ್ಬರು ಮಾತ್ರ.

ಮಕ್ಕಳ ಜೊತೆ ನೋಡುವ ಚಿತ್ರವಲ್ಲ. ಸಬ್‌ಟೈಟಲ್ ಹಾಕಿಕೊಳ್ಳಿ, ಹ್ಯಾರಿಸ್‌ನ ಐರಿಷ್ ಉಚ್ಚಾರ ಸಲೀಸಾಗಿ ಕಿವಿಗೆ ಬೀಳುವುದಿಲ್ಲ. ಲಂಡನ್ನಿನಲ್ಲಿ ಲೆಕ್ಕ ಚುಕ್ತಾ ಆಯಿತೆಂದು ಟಿವಿ ಆರಿಸಬೇಡಿ. ಅದರ ನಂತರ ಬರ್ಟನ್ ಹ್ಯಾರಿಸ್‌ನ ಮಗನ ಶಾಲೆಗೆ ಹೋಗುವುದು ಬಾಕಿಯಿದೆ.